ಡ್ರೈವರ್ ದಾಂಡಿನ ಮೂರು ಗುಣಗಳು: ದೂರ, ಸೈರಣೆ, ಹೊಂದಿಕೆ

೧

ಚರಿತ್ರೆಯ ವಿದ್ಯಾರ್ಥಿಗಳು ದೊರೆಗಳ ಕಾಳಗವನ್ನೂ ದೇವಾಲಯಗಳ ದತ್ತಿಯನ್ನೂ ಪರಿಶೀಲಿಸುವ ಶ್ರದ್ಧೆಯಿಂದ ಆಟದ ಸಲಕರಣೆಗಳನ್ನು ಪರಿಶೀಲಿಸುವುದು ಅಪರೂಪ. ವಿಷಯದ ಲಘುತ್ವವೇ ಇದಕ್ಕೆ ಕಾರಣವೆಂದು ಹೇಳುವುದುಂಟು. ಆದರೆ ಒಂದು ಸಲಕರಣೆ ಹಲವು ಶತಮಾನಗಳ ಕಾಲ ಒಂದೇ ಕೆಲಸಕ್ಕೆ ಮೀಸಲಾಗಿದ್ದು, ಆ ಕೆಲಸ ಬದಲಾಗದೆ ಸಲಕರಣೆಯೊಂದೇ ಬುಡಮಟ್ಟ ಬದಲಾಗಿದ್ದರೆ, ಕುಶಲ ಕಲೆಗಳ ಚರಿತ್ರೆಯನ್ನು ಅಭ್ಯಸಿಸುವವನಿಗೆ ಅದಕ್ಕಿಂತ ಉತ್ತಮವಾದ ಸಾಮಗ್ರಿ ಸುಲಭವಾಗಿ ದೊರೆಯಲಾರದು. ಗಾಲ್ಫ್ ಆಟದ ಡ್ರೈವರ್ ದಾಂಡು ಅಂತಹ ಒಂದು ಸಾಮಗ್ರಿ.

ಆಟದ ಪರಿಚಯವಿಲ್ಲದ ವಾಚಕರಿಗಾಗಿ ಎರಡು ಮಾತು ಹೇಳಬೇಕು. ಹದಿನೆಂಟು ಕುಳಿಗಳುಳ್ಳ ವಿಶಾಲವಾದ ಹುಲ್ಲುಗಾವಲಿನಲ್ಲಿ, ಪ್ರತಿಯೊಂದು ಕುಳಿಗೂ ಆದಷ್ಟು ಕಡಿಮೆ ಹೊಡೆತಗಳಲ್ಲಿ ಚೆಂಡನ್ನು ಸೇರಿಸುವುದೇ ಗಾಲ್ಫಿನ ಗುರಿ. ಉದ್ದನೆಯ ಕುಳಿಗಳಲ್ಲಿ ಸಣ್ಣ ಗೂಟದ ಮೇಲೆ ಚೆಂಡನ್ನಿಟ್ಟು ಮೊದಲ ಹೊಡೆತವನ್ನು ಹೊಡೆಯಲು ಬಳಸುವ ದಾಂಡಿಗೆ ಡ್ರೈವರ್ ಎಂದು ಹೆಸರು. ಆಟಗಾರನ ಚೀಲದಲ್ಲಿರುವ ದಾಂಡುಗಳಲ್ಲಿ ಸಾಮಾನ್ಯವಾಗಿ ಇದೇ ಅತ್ಯಂತ ಉದ್ದವಾದದ್ದು. ಇದರ ಮುಖದ ಓರೆಯೂ ಕಡಿಮೆ. ಆದಕಾರಣ ಚೆಂಡನ್ನು ಅತ್ಯಂತ ದೂರ ಕಳುಹಿಸುವುದೂ ಇದೇ, ಗುರಿತಪ್ಪಿದಾಗ ಅತ್ಯಂತ ದೂರ ದಾರಿ ತಪ್ಪಿಸುವುದೂ ಇದೇ.

ಇಂದು ಎರಡು ಡ್ರೈವರುಗಳನ್ನು ಹೋಲಿಸುವವರು ಮೂರು ಗುಣಗಳನ್ನು ವಿಚಾರಿಸುತ್ತಾರೆ. ಚೆಂಡು ಎಷ್ಟು ಮುಂದೆ ಹೋಗುವುದು ಎಂಬುದು ದೂರ. ಮುಖದ ನಡುವಿನಲ್ಲಿ ತಗುಲದೆ ಅಂಚಿನಲ್ಲಿ ತಗುಲಿದಾಗ ದಾಂಡು ಆ ತಪ್ಪನ್ನು ಎಷ್ಟರ ಮಟ್ಟಿಗೆ ತಾಳಿಕೊಳ್ಳುವುದು ಎಂಬುದು ಎರಡನೆಯದು. ಇದನ್ನು ನಾವು ಸೈರಣೆ ಎಂದು ಕರೆದಿದ್ದೇವೆ. ಆಟಗಾರನ ಬೀಸಿಗೆ ತಕ್ಕಂತೆ ದಾಂಡಿನ ಕೋನವನ್ನೂ ಭಾರವನ್ನೂ ಎಷ್ಟು ಬದಲಾಯಿಸಬಹುದು ಎಂಬುದು ಮೂರನೆಯದು, ಇದು ಹೊಂದಿಕೆ. ಡ್ರೈವರಿನ ಚರಿತ್ರೆಯೆಂದರೆ ಬೆಳೆಯುತ್ತ ಹೋದ ದೂರದ ಚರಿತ್ರೆ ಎಂಬುದು ಪ್ರಚಲಿತವಾದ ಅಭಿಪ್ರಾಯ. ಈ ಅಭಿಪ್ರಾಯ ಪ್ರಮಾಣಗಳ ಮುಂದೆ ನಿಲ್ಲಲಾರದೆಂದು ಪ್ರಕೃತ ಲೇಖನದಲ್ಲಿ ತೋರಿಸಬಯಸುತ್ತೇವೆ. ಮೂರು ಗುಣಗಳೂ ತಮ್ಮ ತಮ್ಮ ಕಾಲದಲ್ಲಿ ಮುಂದೆ ಬಂದುವು. ಒಂದು ಗುಣದ ದಾರಿಯನ್ನು ವಸ್ತುವಿನ ಸ್ವಭಾವವೋ ಆಟದ ಕಾನೂನೋ ಮುಚ್ಚಿದಾಗ ಇನ್ನೊಂದು ಗುಣಕ್ಕೆ ದಾರಿ ತೆರೆಯಿತು.

೨

ಸ್ಕಾಟ್ಲೆಂಡಿನಲ್ಲಿ ಗಾಲ್ಫಿನ ಮೊದಲ ಲಿಖಿತ ಉಲ್ಲೇಖ ದೊರೆಯುವುದು ಒಂದು ನಿಷೇಧಾಜ್ಞೆಯಲ್ಲಿ. ಬಿಲ್ಲುಗಾರಿಕೆಯ ಅಭ್ಯಾಸಕ್ಕೆ ಅಡ್ಡಿಯಾಗುವುದೆಂದು ಎರಡನೆಯ ಜೇಮ್ಸ್ ದೊರೆಯ ಕಾಲದಲ್ಲಿ, ೧೪೫೭ರಲ್ಲಿ, ಅಲ್ಲಿನ ಪಾರ್ಲಿಮೆಂಟು ಕಾಲ್ಚೆಂಡಿನ ಆಟವನ್ನೂ ಗಾಲ್ಫನ್ನೂ ನಿಷೇಧಿಸಿತು. ಮುಂದಿನ ಶತಮಾನಗಳಲ್ಲಿ ಬಳಕೆಯಲ್ಲಿದ್ದ ಮೊದಲ ಹೊಡೆತದ ದಾಂಡಿಗೆ ನೀಳವಾದ, ತೆಳುವಾದ ಮರದ ತಲೆಯಿದ್ದಿತು. ಬೀಚ್, ಸೇಬು, ಪೇರು ಮೊದಲಾದ ಮರಗಳಿಂದ ತಲೆಯನ್ನು ಕೆತ್ತಿ, ಅದರ ಬೆನ್ನಿನಲ್ಲಿ ಕೊರೆದ ಗುಳಿಗೆ ಸೀಸವನ್ನು ಹೊಯ್ದು, ಅಡಿಯ ಅಂಚು ಸವೆಯದಂತೆ ಟಗರಿನ ಕೊಂಬಿನ ಪಟ್ಟಿಯನ್ನು ಕೂಡಿಸುತ್ತಿದ್ದರು. ಹಿಡಿಕೋಲು ಮೊದಲು ಆಶ್ ಮರದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಹಿಕರಿ ಮರ ಅದರ ಸ್ಥಾನವನ್ನು ಆಕ್ರಮಿಸಿತು. ಚೆಂಡು ತೊಗಲಿನ ಚೀಲದಲ್ಲಿ ಹಕ್ಕಿಯ ಪುಕ್ಕಗಳನ್ನು ಗಿಡಿದು ಹೊಲಿದದ್ದು. ಅದು ದುಬಾರಿ, ನೀರು ತಾಗಿದರೆ ಕೆಡುತ್ತಿದ್ದಿತು.

ಈ ದಾಂಡನ್ನು ಬದಲಾಯಿಸಿದ್ದು ದಾಂಡಿನ ಕುಶಲಿಗಳ ಸ್ವಂತ ಸಂಕಲ್ಪವಲ್ಲ, ಚೆಂಡು. ಈಸ್ಟ್ ಇಂಡಿಯಾ ಕಂಪೆನಿಯ ಸೇವೆಯಲ್ಲಿದ್ದ ಶಸ್ತ್ರವೈದ್ಯ ವಿಲಿಯಂ ಮಾಂಟ್‌ಗೊಮರಿ ೧೮೪೩ರಲ್ಲಿ ಗಟ್ಟಾಪರ್ಚ ಎಂಬ ಮಲಯದ ಮರದ ಹಾಲಿನ ಮಾದರಿಗಳನ್ನು ಲಂಡನ್ನಿಗೆ ಕಳುಹಿಸಿದನು. ೧೮೪೮ರ ಹೊತ್ತಿಗೆ ಅದರಿಂದ ಎರೆದ ಗಾಲ್ಫ್ ಚೆಂಡುಗಳು ಸ್ಕಾಟ್ಲೆಂಡಿನಲ್ಲಿ ಕಾಣಿಸಿಕೊಂಡುವು. ಹೊಸ ಚೆಂಡು ಅಗ್ಗ, ಆದರೆ ಗಟ್ಟಿ. ಅದರ ಪೆಟ್ಟಿಗೆ ನೀಳಮೂತಿಯ ತಲೆಗಳು ಸೀಳತೊಡಗಿದುವು. ಆದುದರಿಂದ ತಲೆ ಮೋಟಾಗಿ ದಪ್ಪವಾಯಿತು. ಮುಖಕ್ಕೆ ತೊಗಲಿನ ತುಂಡನ್ನು ಕೂಡಿಸುವ ಪದ್ಧತಿ ಬಂದಿತು. ೧೮೯೮ರಲ್ಲಿ ಅಮೆರಿಕದ ಕೋಬರ್ನ್ ಹ್ಯಾಸ್ಕೆಲ್ ರಬ್ಬರಿನ ಎಳೆಯನ್ನು ಬಿಗಿಯಾಗಿ ಸುತ್ತಿದ ಚೆಂಡನ್ನು ರೂಪಿಸಿದನು. ೧೯೦೨ರ ಬ್ರಿಟಿಷ್ ಓಪನ್ ಪಂದ್ಯವನ್ನು ಸ್ಯಾಂಡಿ ಹರ್ಡ್ ಆ ಚೆಂಡಿನಿಂದ ಗೆದ್ದ ಮೇಲೆ ಗಟ್ಟಾಪರ್ಚದ ಕಾಲ ಮುಗಿಯಿತು. ದಾಂಡಿನ ತಲೆಗೆ ಪರ್ಸಿಮನ್ ಎಂಬ ಅಮೆರಿಕದ ಮರ ರೂಢಿಗೆ ಬಂದಿತು. ಎಬನಿ ಎಂದು ಹೆಸರಾದ ಕರಿಮರದ ಕುಲಕ್ಕೇ ಸೇರಿದ ಈ ಮರ ಪೆಟ್ಟು ತಾಳುವುದರಲ್ಲಿ ಪ್ರಸಿದ್ಧ.

ಈ ಪರಿವರ್ತನೆಗಳ ಕಾಲದಲ್ಲಿಯೇ ಆಟ ಭಾರತಕ್ಕೆ ಬಂದುದನ್ನು ಇಲ್ಲಿ ನೆನೆಯಬಹುದು. ಬ್ರಿಟಿಷ್ ದ್ವೀಪಗಳ ಹೊರಗೆ ಸ್ಥಾಪಿತವಾದ ಗಾಲ್ಫ್ ಸಂಘಗಳಲ್ಲಿ ಅತ್ಯಂತ ಹಳೆಯದೆನಿಸಿದ ಕಲ್ಕತ್ತೆಯ ಸಂಘ ೧೮೨೯ರದು. ಬೆಂಗಳೂರಿನ ಸಂಘ ೧೮೭೬ರದು. ಈ ಎರಡು ವರ್ಷಗಳ ನಡುವೆ ಗಟ್ಟಾಪರ್ಚದ ಆಗಮನವಿದೆ. ಎಂದರೆ ಕಲ್ಕತ್ತೆಯ ಮೊದಲಿಗರು ಆಡಿದ್ದು ಪುಕ್ಕದ ಚೆಂಡಿನ ಯುಗದಲ್ಲಿ, ಬೆಂಗಳೂರಿನ ಮೊದಲಿಗರು ಆಡಿದ್ದು ಅಚ್ಚಿನ ಚೆಂಡಿನ ಯುಗದಲ್ಲಿ.

ಹಿಡಿಕೋಲಿನ ಬದಲಾವಣೆ ಕೊನೆಯದಾಗಿ ಬಂದಿತು. ಹಿಕರಿಯ ಕೋಲು ಬೀಸುವಾಗ ತಿರುಚಿಕೊಳ್ಳುವುದು. ಒಂದು ಕೋಲಿನಂತೆ ಇನ್ನೊಂದಿರದು. ಉಕ್ಕಿನ ಕೊಳವೆಯಲ್ಲಿ ಈ ದೋಷವಿಲ್ಲ. ಅಮೆರಿಕದ ಗಾಲ್ಫ್ ಸಂಘ ೧೯೨೪ರಲ್ಲಿಯೂ, ಸೇಂಟ್ ಆಂಡ್ರೂಸ್‌ನ ರಾಯಲ್ ಅಂಡ್ ಏನ್ಷಂಟ್ ಸಂಘ ೧೯೨೯ರಲ್ಲಿಯೂ ಉಕ್ಕಿಗೆ ಒಪ್ಪಿಗೆಯಿತ್ತುವು. ಉಕ್ಕಿನಿಂದ ದೊರೆತ ಮುಖ್ಯವಾದ ಲಾಭ ಏಕರೂಪತೆ: ಒಂದೇ ಬಗೆಯ ದಾಂಡನ್ನು ಸಾವಿರಗಟ್ಟಲೆ ಮಾಡಿ ಮಾರುವುದು ಸಾಧ್ಯವಾಯಿತು.

೩

ಇನ್ನು ದೂರದ ಲೆಕ್ಕವನ್ನು ನೋಡೋಣ. ಚೆಂಡು ದಾಂಡಿನ ಮುಖದ ಮೇಲಿರುವುದು ಸೆಕೆಂಡಿನ ಸುಮಾರು ಎರಡು ಸಾವಿರದಲ್ಲೊಂದು ಭಾಗ ಮಾತ್ರ. ಚೆಂಡು ಬಿಟ್ಟುಹೋಗುವ ವೇಗ ಮೂರು ಸಂಗತಿಗಳನ್ನು ಅವಲಂಬಿಸಿದೆ: ತಲೆಯ ವೇಗ, ತಲೆಗೂ ಚೆಂಡಿಗೂ ಇರುವ ತೂಕದ ಪ್ರಮಾಣ, ಮತ್ತು ಪುಟಿತದ ಗುಣಾಂಕ. ತಲೆ ಸುಮಾರು ೨೦೦ ಗ್ರಾಂ, ಚೆಂಡು ಸುಮಾರು ೪೬ ಗ್ರಾಂ ಎಂದಿಟ್ಟುಕೊಳ್ಳೋಣ. ಮರದ ತಲೆಯ ಪುಟಿತದ ಗುಣಾಂಕವನ್ನು ೦.೭೮ ಎಂದು ಹಿಡಿದರೆ, ಚೆಂಡಿನ ವೇಗ ತಲೆಯ ವೇಗದ ೧.೪೫ ರಷ್ಟಾಗುವುದು. ಇಂದಿನ ಕಾನೂನು ಅನುಮತಿಸುವ ಮಿತಿಗೆ ಸಮನಾದ ೦.೮೩ನ್ನು ಹಿಡಿದರೆ ೧.೪೯ ರಷ್ಟಾಗುವುದು. ವ್ಯತ್ಯಾಸ ನೂರಕ್ಕೆ ಮೂರಕ್ಕಿಂತ ಸ್ವಲ್ಪ ಕಡಿಮೆ. ೨೫೦ ಗಜದ ಹೊಡೆತದಲ್ಲಿ ಸುಮಾರು ಏಳು ಗಜ. ಬೀಸಿನ ವೇಗ ಒಂದೇ ಆಗಿರುವಾಗ ತಲೆಯ ಪುಟಿತದಿಂದ ಪಡೆಯಬಹುದಾದ ಲಾಭ ಇಷ್ಟೆ.

ತಲೆಯ ತೂಕವನ್ನು ಹೆಚ್ಚಿಸಿ ದೂರವನ್ನು ಪಡೆಯಬಾರದೇಕೆ ಎಂದು ಕೇಳಬಹುದು. ಭಾರವಾದ ತಲೆಯನ್ನು ತೋಳು ಅದೇ ವೇಗದಲ್ಲಿ ಬೀಸಲಾರದು; ಒಂದು ಕೈಯಲ್ಲಿ ಗಳಿಸಿದ್ದನ್ನು ಇನ್ನೊಂದು ಕೈಯಲ್ಲಿ ಕಳೆದಂತಾಗುವುದು. ಕೋಲನ್ನು ಉದ್ದವಾಗಿಸಿದರೆ ವೇಗ ಹೆಚ್ಚುವುದು ನಿಜ, ಆದರೆ ಮುಖದ ನಡುವಿನಲ್ಲಿಯೇ ಚೆಂಡನ್ನು ತಗುಲಿಸುವುದು ಕಷ್ಟವಾಗುವುದು. ಹೀಗೆ ಮರದ ಯುಗದ ಕೊನೆಯ ವೇಳೆಗೆ ದೂರದ ದಾರಿ ಬಹುಮಟ್ಟಿಗೆ ಮುಚ್ಚಿದ್ದಿತು. ತೆರೆದಿದ್ದುದು ಇನ್ನೊಂದು ದಾರಿ.

೪

ಮುಖದ ಅಂಚಿನಲ್ಲಿ ಪೆಟ್ಟು ಬಿದ್ದಾಗ ತಲೆ ತನ್ನ ಗುರುತ್ವ ಕೇಂದ್ರದ ಸುತ್ತ ತಿರುಗುವುದು. ಚೆಂಡಿಗೆ ಸೇರಬೇಕಾದ ಶಕ್ತಿ ಈ ತಿರುವಿನಲ್ಲಿ ಪೋಲಾಗುವುದು, ದಿಕ್ಕೂ ತಪ್ಪುವುದು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿಯೇ ಕುಶಲಿಗಳು ಡ್ರೈವರಿನ ಮುಖವನ್ನು ಹೊರಕ್ಕೆ ಸ್ವಲ್ಪ ಉಬ್ಬಿಸಿ ಇದಕ್ಕೆ ಒಂದು ಉಪಾಯವನ್ನು ಕಂಡಿದ್ದರು. ತಲೆ ಒಂದು ಕಡೆಗೆ ತಿರುಗಿದಾಗ, ಹಲ್ಲುಚಕ್ರಗಳ ಜೋಡಿಯಲ್ಲಿ ನಡೆಯುವಂತೆ, ಚೆಂಡು ವಿರುದ್ಧ ದಿಕ್ಕಿನಲ್ಲಿ ಸುತ್ತುವುದು. ಉಬ್ಬಿನಿಂದ ಹೊರಕ್ಕೆ ಹೊರಟ ಚೆಂಡನ್ನು ಈ ಸುತ್ತು ನಡುದಾರಿಯ ಕಡೆಗೆ ಮರಳಿ ಎಳೆಯುವುದು. ಆದರೆ ಉಬ್ಬು ತಪ್ಪನ್ನು ತಿದ್ದುವ ಉಪಾಯ. ತಲೆ ತಿರುಗದಂತೆಯೇ ತಡೆಯಬೇಕಾದರೆ ಅದರ ಜಡತ್ವ ಭ್ರಾಮಕ ಹೆಚ್ಚಬೇಕು. ಭಾರ ಕೇಂದ್ರವನ್ನು ಬಿಟ್ಟು ಅಂಚಿಗೆ ಹೋಗಬೇಕು. ಕೇಂದ್ರದಿಂದ ಇರುವ ದೂರ ಎರಡರಷ್ಟಾದರೆ ಫಲ ನಾಲ್ಕರಷ್ಟಾಗುವುದು. ಘನವಾದ ಮರದ ತಲೆಯಲ್ಲಿ ಇದಕ್ಕೆ ಅವಕಾಶ ಅಲ್ಪ.

ಈ ತತ್ತ್ವವನ್ನು ಮೊದಲು ಬಳಕೆಗೆ ತಂದದ್ದು ಡ್ರೈವರಿನಲ್ಲಲ್ಲ. ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ಎಂಜಿನಿಯರಾಗಿದ್ದ ಕಾರ್ಸ್ಟನ್ ಸೋಲ್ಹೈಮ್ ೧೯೫೯ರಲ್ಲಿ, ಚೆಂಡನ್ನು ಕುಳಿಗೆ ನೂಕುವ ಪಟರ್ ಎಂಬ ದಾಂಡಿನ ಎರಡು ತುದಿಗಳಿಗೆ ಭಾರವನ್ನು ಹಂಚಿ ‘ಪಿಂಗ್’ ಎಂಬ ಹೆಸರಿನಲ್ಲಿ ಹೊರತಂದನು. ಅದೇ ವಿಚಾರ ಮುಂದೆ ಕಬ್ಬಿಣದ ದಾಂಡುಗಳಿಗೆ ಹಬ್ಬಿತು. ೧೯೭೯ರಲ್ಲಿ ಗ್ಯಾರಿ ಆಡಮ್ಸ್ ಟೇಲರ್‌ಮೇಡ್ ಸಂಸ್ಥೆಯನ್ನು ಸ್ಥಾಪಿಸಿ, ಒಳಗೆ ಟೊಳ್ಳಾದ ಉಕ್ಕಿನ ಡ್ರೈವರನ್ನು ಮಾರುಕಟ್ಟೆಗೆ ತಂದನು. ಅದಕ್ಕೆ ‘ಪಿಟ್ಸ್‌ಬರ್ಗ್ ಪರ್ಸಿಮನ್’ ಎಂಬ ಅಡ್ಡಹೆಸರು ಬಿದ್ದಿತು. ಉಕ್ಕಿನ ಊರಿನ ಹೆಸರನ್ನು ಮರದ ಹೆಸರಿಗೆ ಸೇರಿಸಿದ ವಿನೋದವನ್ನು ವಾಚಕರು ಗಮನಿಸಬಹುದು. ಟೊಳ್ಳಾದ ತಲೆಯಲ್ಲಿ ತೂಕವೆಲ್ಲ ಚಿಪ್ಪಿನಲ್ಲಿರುವುದರಿಂದ ಸೈರಣೆ ಸಹಜವಾಗಿ ಬಂದಿತು.

೧೯೯೧ರಲ್ಲಿ ಎಲಿ ಕ್ಯಾಲವೇಯ ಸಂಸ್ಥೆ ೧೯೦ ಘನ ಸೆಂಟಿಮೀಟರಿನ ‘ಬಿಗ್ ಬರ್ತಾ’ ಡ್ರೈವರನ್ನು ಹೊರತಂದಿತು. ಒಂದನೆಯ ಮಹಾಯುದ್ಧದ ಜರ್ಮನ್ ಫಿರಂಗಿಯ ಹೆಸರು ಅದು. ಉಕ್ಕಿನಲ್ಲಿ ಇದಕ್ಕಿಂತ ಬಹಳ ದೊಡ್ಡ ತಲೆಯನ್ನು ಮಾಡಿದರೆ ಚಿಪ್ಪು ತೀರ ತೆಳುವಾಗಬೇಕು, ಇಲ್ಲವೆ ತೂಕ ಮೀರಬೇಕು. ಉಕ್ಕಿನ ಸಾಂದ್ರತೆ ಸುಮಾರು ೭.೮ ಆದರೆ ಟೈಟೇನಿಯಂ ಲೋಹದ್ದು ಸುಮಾರು ೪.೫. ೧೯೯೫ರಲ್ಲಿ ಅದೇ ಸಂಸ್ಥೆಯ ಟೈಟೇನಿಯಂ ಡ್ರೈವರು ೨೫೦ ಘನ ಸೆಂಟಿಮೀಟರುಗಳನ್ನು ಮುಟ್ಟಿತು. ೧೯೯೩ರಲ್ಲಿ ಜರ್ಮನಿಯ ಬರ್ನ್‌ಹಾರ್ಡ್ ಲ್ಯಾಂಗರ್ ಪರ್ಸಿಮನ್ ಡ್ರೈವರಿನೊಡನೆ ಮಾಸ್ಟರ್ಸ್ ಪಂದ್ಯವನ್ನು ಗೆದ್ದುದು ಮರದ ಯುಗದ ಕೊನೆಯ ದೊಡ್ಡ ಜಯಗಳಲ್ಲಿ ಒಂದು. ಮರದ ತಲೆಯನ್ನು ಕಣ್ಣಳತೆಯಿಂದ ತಿದ್ದುತ್ತಿದ್ದ ಕುಶಲಿಯ ಕೆಲಸ ಎರಕದ ಕಾರ್ಖಾನೆಗಳಿಗೆ, ಕ್ರಮೇಣ ತೈವಾನ್ ಮತ್ತು ಚೀನಾದ ಕಾರ್ಖಾನೆಗಳಿಗೆ, ಹೋಯಿತು.

೫

ಟೈಟೇನಿಯಂ ಸೈರಣೆಗಾಗಿ ಬಂದದ್ದಾದರೂ ದೂರದ ಬಾಗಿಲನ್ನು ಮತ್ತೊಮ್ಮೆ ಸ್ವಲ್ಪ ತೆರೆಯಿತು. ತೆಳುವಾದ ಮುಖ ಪೆಟ್ಟಿನ ಕ್ಷಣದಲ್ಲಿ ಬಾಗಿ ಬುಗ್ಗೆಯಂತೆ ಪುಟಿಯತೊಡಗಿತು. ಇಲ್ಲಿ ಕಾನೂನು ಪ್ರವೇಶಿಸಿತು. ೧೯೯೮ರಲ್ಲಿ ಅಮೆರಿಕದ ಸಂಘ ಈ ಪುಟಿತವನ್ನು ಅಳೆಯುವ ಪರೀಕ್ಷೆಯನ್ನು ಗೊತ್ತುಮಾಡಿ, ಸಹಿಷ್ಣುತೆಯ ಅಂಶವೂ ಸೇರಿ ೦.೮೩ ಎಂಬ ಮಿತಿಯನ್ನು ಹಾಕಿತು. ಸೇಂಟ್ ಆಂಡ್ರೂಸಿನವರು ಆಗ ಅಂತಹ ಮಿತಿಯನ್ನು ಹಾಕಲಿಲ್ಲ. ಇದರಿಂದ ಅಮೆರಿಕದಲ್ಲಿ ನಿಷಿದ್ಧವಾದ ದಾಂಡು ಬ್ರಿಟನ್ನಿನಲ್ಲಿ ಶುದ್ಧವೆನಿಸುವ ವಿಚಿತ್ರ ಪರಿಸ್ಥಿತಿ ಒದಗಿತು. ೨೦೦೦ದಲ್ಲಿ ಪ್ರಸಿದ್ಧ ಆಟಗಾರ ಆರ್ನಾಲ್ಡ್ ಪಾಮರ್ ನಿಷಿದ್ಧವಾದ ಅಂತಹ ಒಂದು ಡ್ರೈವರನ್ನು ವಿನೋದಕ್ಕಾಗಿ ಆಡುವವರು ಬಳಸಿದರೆ ತಪ್ಪಿಲ್ಲವೆಂದು ಸಮರ್ಥಿಸಿದಾಗ ದೊಡ್ಡ ವಿವಾದವೆದ್ದಿತು. ೨೦೦೨ರಲ್ಲಿ ಎರಡು ಸಂಸ್ಥೆಗಳೂ ಒಪ್ಪಂದಕ್ಕೆ ಬಂದು, ಮುಂದಿನ ಕೆಲವು ವರ್ಷಗಳಲ್ಲಿ ಒಂದೇ ಮಿತಿ ಎಲ್ಲೆಡೆ ಜಾರಿಯಾಯಿತು.

ಮಿತಿಗಳು ಅಲ್ಲಿಗೇ ನಿಲ್ಲಲಿಲ್ಲ. ೨೦೦೪ರಲ್ಲಿ ತಲೆಯ ಗಾತ್ರಕ್ಕೆ ೪೬೦ ಘನ ಸೆಂಟಿಮೀಟರು, ಕೋಲಿನ ಉದ್ದಕ್ಕೆ ೪೮ ಅಂಗುಲ ಎಂಬ ಮೇರೆಗಳು ಬಂದುವು. ೨೦೦೬ರಲ್ಲಿ ಜಡತ್ವ ಭ್ರಾಮಕಕ್ಕೂ ೫,೯೦೦ ಗ್ರಾಂ ಚದರ ಸೆಂಟಿಮೀಟರಿನ ಮೇರೆ ಬಂದಿತು. ೨೦೨೨ರಿಂದ ವೃತ್ತಿಪರ ಪಂದ್ಯಗಳಲ್ಲಿ ಉದ್ದವನ್ನು ೪೬ ಅಂಗುಲಕ್ಕೆ ಇಳಿಸಲು ಅವಕಾಶ ಕೊಟ್ಟರು. ಸೈರಣೆಗೂ ಮೇರೆ ಹಾಕಿದ್ದು ಗಮನಾರ್ಹ. ತಪ್ಪಿಗೆ ದಂಡವೇ ಇಲ್ಲವಾದರೆ ಆಟದಲ್ಲಿ ಕೌಶಲಕ್ಕೆ ಏನು ಬೆಲೆ ಎಂಬ ಪ್ರಶ್ನೆ ಆ ಮೇರೆಯ ಹಿಂದೆ ಇದೆ.

೬

ದೂರಕ್ಕೂ ಗಾತ್ರಕ್ಕೂ ಸೈರಣೆಗೂ ಬೇಲಿ ಬಿದ್ದ ಆ ವರ್ಷಗಳಲ್ಲಿಯೇ ಹೊಂದಿಕೆ ಪ್ರಬಲವಾದದ್ದು ಆಕಸ್ಮಿಕವಲ್ಲವೆಂದು ನಾವು ಭಾವಿಸುತ್ತೇವೆ. ೨೦೦೪ರಲ್ಲಿ ಟೇಲರ್‌ಮೇಡ್ ಸಂಸ್ಥೆಯ ‘ಆರ್ ಸೆವೆನ್ ಕ್ವಾಡ್’ ಡ್ರೈವರು ಬಿಚ್ಚಿ ಬದಲಾಯಿಸಬಹುದಾದ ನಾಲ್ಕು ಭಾರದ ತಿರುಪುಗಳೊಡನೆ ಬಂದಿತು. ಅಲ್ಲಿಯವರೆಗೆ ನಿಯಮ ಭಾರದ ಬದಲಾವಣೆಯನ್ನು ಮಾತ್ರ ಒಪ್ಪುತ್ತಿದ್ದಿತು. ೨೦೦೮ರಿಂದ ಇತರ ಬಗೆಯ ಹೊಂದಿಕೆಗಳನ್ನೂ ಒಪ್ಪಿತು. ಮರುವರ್ಷವೇ ಕೋಲು ತಲೆಗೆ ಸೇರುವ ಕತ್ತನ್ನು ತಿರುಗಿಸಿ ಮುಖದ ಕೋನವನ್ನು ಬದಲಾಯಿಸುವ ಡ್ರೈವರುಗಳು ಅಂಗಡಿಗೆ ಬಂದುವು.

ಹೊಂದಿಕೆ ಹೊಸ ಗುಣವೆಂದು ತೋರಿದರೂ ಅದರ ಬೇರು ಹಳೆಯದು. ಬೆನ್ನಿಗೆ ಸೀಸ ಹೊಯ್ಯುತ್ತಿದ್ದ, ಹಿಕರಿಯ ಕೋಲನ್ನು ಗಿರಾಕಿಯ ಕೈಗೆ ತಕ್ಕಂತೆ ಹೆರೆಯುತ್ತಿದ್ದ ಕುಶಲಿ ಮಾಡುತ್ತಿದ್ದುದು ಹೊಂದಿಕೆಯ ಕೆಲಸವನ್ನೇ. ಏಕರೂಪದ ತಯಾರಿಕೆ ಬಂದು ಆ ಸಂಬಂಧ ಕಡಿದುಹೋಯಿತು. ಅದೇ ಈಗ ತಿರುಪಿನ ರೂಪದಲ್ಲಿ ಹಿಂದಿರುಗಿದೆ. ಒಂದು ವ್ಯತ್ಯಾಸ ಮಾತ್ರ ಉಂಟು: ಅಂದು ತೀರ್ಮಾನ ಕುಶಲಿಯದು, ಇಂದು ಆಟಗಾರನದು, ಅಥವಾ ಅವನ ಬೀಸನ್ನು ಅಳೆಯುವ ಯಂತ್ರದ್ದು.

ಹೊಂದಿಕೆಯೂ ಪುಕ್ಕಟೆಯಾಗಿ ದೊರೆಯುವುದಿಲ್ಲ. ತಿರುಪು, ಹಳಿ, ಕತ್ತಿನ ಕೊಳವೆ ಇವೆಲ್ಲವೂ ತೂಕವನ್ನು ಬೇಡುತ್ತವೆ. ಆ ತೂಕ ಅಂಚಿನಲ್ಲಿದ್ದರೆ ಸೈರಣೆ ಹೆಚ್ಚಬಹುದಾಗಿದ್ದಿತು. ಕತ್ತನ್ನು ತಿರುಗಿಸಿ ಮುಖದ ಓರೆಯನ್ನು ಹೆಚ್ಚಿಸಿದರೆ ಮುಖ ಎಡಕ್ಕೆ ಮುಚ್ಚಿಕೊಳ್ಳುವ ಪ್ರವೃತ್ತಿಯನ್ನೂ ತೋರುವುದು. ಒಂದನ್ನು ಬದಲಾಯಿಸಿದರೆ ಇನ್ನೊಂದು ತಾನಾಗಿ ಬದಲಾಗುವುದು. ಇದೇ ರೀತಿ ಭಾರವನ್ನು ಹಿಂದಕ್ಕೆ ತಳ್ಳಿದರೆ ಸೈರಣೆ ಹೆಚ್ಚಿದರೂ ಚೆಂಡಿನ ಹಿಮ್ಮುಖ ಸುತ್ತೂ ಹೆಚ್ಚಿ, ವೇಗವಾಗಿ ಬೀಸುವವನ ದೂರ ಕುಗ್ಗುವುದು. ಮುಂದಕ್ಕೆ ತಂದರೆ ಸುತ್ತು ಇಳಿದು ಸೈರಣೆ ಕುಂದುವುದು. ಆಟ ನಡೆದಿರುವಾಗ ಬೇಕೆಂದು ಹೊಂದಿಕೆಯನ್ನು ಬದಲಾಯಿಸಿ ಆ ದಾಂಡಿನಿಂದ ಹೊಡೆಯುವುದನ್ನು ನಿಯಮ ನಿಷೇಧಿಸುತ್ತದೆ. ೨೦೨೪ರಲ್ಲಿ ಕೆಲವು ತಯಾರಕರು, ಅಡ್ಡ ತಿರುವು ಮತ್ತು ಮೇಲುಕೆಳಗಿನ ತಿರುವು ಎರಡರ ಜಡತ್ವ ಭ್ರಾಮಕಗಳನ್ನು ಕೂಡಿಸಿ ಹತ್ತು ಸಾವಿರವನ್ನು ದಾಟಿದೆವೆಂದು ಸಾರಿದರು. ಕಾನೂನಿನ ಮೇರೆ ಮೊದಲನೆಯದಕ್ಕೆ ಮಾತ್ರ ಸಂಬಂಧಿಸಿದ್ದೆಂಬುದನ್ನು ತಿಳಿದವನಿಗೆ ಈ ಮೊತ್ತದ ಮರ್ಮ ತಿಳಿಯುವುದು.

೭

ಈಗ ಪ್ರಚಲಿತ ಅಭಿಪ್ರಾಯವನ್ನು ಅಂಕಿಗಳ ಮುಂದೆ ನಿಲ್ಲಿಸಬಹುದು. ಅಮೆರಿಕದ ವೃತ್ತಿಪರ ಪಂದ್ಯಗಳಲ್ಲಿ, ಪ್ರತಿ ಸುತ್ತಿನ ಎರಡು ಕುಳಿಗಳಲ್ಲಿ ಅಳೆದ ಮೊದಲ ಹೊಡೆತದ ಸರಾಸರಿ ೧೯೮೦ರಲ್ಲಿ ಸುಮಾರು ೨೫೭ ಗಜ. ೧೯೯೩ರಲ್ಲಿ ಅದು ಸುಮಾರು ೨೬೦ ಗಜ. ಮರ ಹೋಗಿ ಲೋಹ ಬಂದ ಹದಿಮೂರು ವರ್ಷಗಳಲ್ಲಿ ಗಳಿಕೆ ಮೂರೇ ಗಜ! ೨೦೦೩ರಲ್ಲಿ ಸರಾಸರಿ ಸುಮಾರು ೨೮೬ ಗಜಕ್ಕೆ ಏರಿತು. ಈ ಎರಡನೆಯ ಅವಧಿಯಲ್ಲಿ ಟೈಟೇನಿಯಂ ತಲೆ ಬಂದಿತು, ಹಗುರವಾದ ಕೋಲು ಬಂದಿತು; ೨೦೦೦ದ ಕೊನೆಯಲ್ಲಿ ಸುತ್ತಿದ ಎಳೆಯ ಚೆಂಡನ್ನು ಬದಿಗೊತ್ತಿದ ಘನವಾದ ತಿರುಳಿನ ಹೊಸ ಚೆಂಡೂ ಬಂದಿತು; ಆಟಗಾರರ ವ್ಯಾಯಾಮ, ಬೀಸಿನ ಅಳತೆ ಇವೂ ಸೇರಿದುವು. ನಮ್ಮ ಲೆಕ್ಕದಲ್ಲಿ ಮುಖದ ಪುಟಿತದಿಂದ ಬರಬಹುದಾದದ್ದು ಏಳು ಗಜ. ಉಳಿದುದನ್ನು ಇತರ ಕಾರಣಗಳಲ್ಲಿ ಹಂಚಬೇಕಾಗುವುದು. ಆದುದರಿಂದ ಮೊದಲ ಲೋಹದ ಡ್ರೈವರಿನ ಕೊಡುಗೆ ಮುಖ್ಯವಾಗಿ ಸೈರಣೆಯೆಂದೂ, ದೂರದ ಏರಿಕೆಯನ್ನೆಲ್ಲ ದಾಂಡಿನ ಲೆಕ್ಕಕ್ಕೆ ಬರೆಯುವುದು ಸರಿಯಲ್ಲವೆಂದೂ ನಾವು ನಿರ್ಣಯಿಸುತ್ತೇವೆ. ಆದರೂ ಸೈರಣೆ ಪರೋಕ್ಷವಾಗಿ ದೂರವನ್ನು ಬೆಳೆಸಿತೆಂಬುದನ್ನು ಒಪ್ಪಬೇಕು: ತಪ್ಪಿಗೆ ದಂಡ ಕಡಿಮೆಯಾದಾಗ ಆಟಗಾರ ಅಂಜದೆ ಬಲವಾಗಿ ಬೀಸಲು ಕಲಿಯುತ್ತಾನೆ.

ಈ ನಿರ್ಣಯ ಪಾಂಡಿತ್ಯದ ಕುತೂಹಲಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಹೊಡೆತ ಬೆಳೆದಂತೆ ಮೈದಾನವೂ ಬೆಳೆಯಬೇಕಾಗುವುದು. ಮಾಸ್ಟರ್ಸ್ ಪಂದ್ಯ ನಡೆಯುವ ಅಗಸ್ಟಾ ಮೈದಾನದ ಉದ್ದ ೧೯೯೭ರಲ್ಲಿ ೬,೯೨೫ ಗಜ. ೨೦೨೩ರಲ್ಲಿ ೭,೫೪೫ ಗಜ. ಹೆಚ್ಚಿದ ಪ್ರತಿಯೊಂದು ಗಜಕ್ಕೂ ನೆಲ ಬೇಕು, ಹುಲ್ಲು ಬೇಕು, ಹುಲ್ಲಿಗೆ ನೀರು ಬೇಕು. ಐಶ್ವರ್ಯವುಳ್ಳ ಸಂಸ್ಥೆಗೆ ಇದು ಸುಲಭ. ಊರು ಸುತ್ತುವರಿದ ಹಳೆಯ ಮೈದಾನಗಳಿಗೆ ಅಸಾಧ್ಯ. ೨೦೨೩ರ ಡಿಸೆಂಬರಿನಲ್ಲಿ ಎರಡು ನಿಯಾಮಕ ಸಂಸ್ಥೆಗಳೂ ಚೆಂಡಿನ ಪರೀಕ್ಷೆಯನ್ನು ಬಿಗಿಗೊಳಿಸಿ ದೂರವನ್ನು ತಗ್ಗಿಸುವ ತೀರ್ಮಾನವನ್ನು ಪ್ರಕಟಿಸಿದುವು. ಅವರು ಕೈಯಿಟ್ಟುದು ಚೆಂಡಿನ ಮೇಲೆ ಎಂಬುದು ನಮ್ಮ ವಾದಕ್ಕೆ ಅನುಕೂಲವಾದ ಸಂಗತಿ. ೧೮೪೮ರಲ್ಲಿ ದಾಂಡನ್ನು ಬದಲಾಯಿಸಿದ್ದು ಚೆಂಡು. ಈ ಸಲ ದಾಂಡಿನ ಬಲಕ್ಕೆ ಕಡಿವಾಣ ಹಾಕಲು ಹೊರಟಿರುವುದೂ ಚೆಂಡೇ.

ಇನ್ನು ಎರಡು ಡ್ರೈವರುಗಳನ್ನು ಹೋಲಿಸಬೇಕಾದವನಿಗೆ ಚರಿತ್ರೆ ಹೇಳುವ ಮಾತು ಇಷ್ಟು. ಪುಟಿತದ ಮಿತಿ ಎಲ್ಲರಿಗೂ ಒಂದೇ ಆದ ಮೇಲೆ, ನಡುವಿನಲ್ಲಿ ತಗುಲಿದ ಹೊಡೆತದಲ್ಲಿ ಒಂದು ದಾಂಡು ಇನ್ನೊಂದನ್ನು ಬಹಳವಾಗಿ ಮೀರಲಾರದು. ಆದಕಾರಣ ವರ್ಷವರ್ಷವೂ ಸಾರುವ ದೂರದ ಘೋಷಣೆಯನ್ನು ಸಂಶಯದಿಂದಲೇ ನೋಡಬೇಕು. ನಡುವಿನಲ್ಲಿ ತಗುಲದ ಹೊಡೆತಗಳೇ ಹೆಚ್ಚಾಗಿರುವ ಸಾಮಾನ್ಯ ಆಟಗಾರ ಸೈರಣೆಯನ್ನು ಮೊದಲು ನೋಡಲಿ. ಹೊಂದಿಕೆಯನ್ನು ಒಮ್ಮೆ ಸರಿಯಾಗಿ ಮಾಡಿಸಿಕೊಂಡು ಆಮೇಲೆ ತಿರುಪನ್ನು ಮುಟ್ಟದಿರಲಿ.

ಟೋಕಿಯೋ ಒಲಿಂಪಿಕ್ ಪಂದ್ಯಗಳು ೨೦೨೧ರಲ್ಲಿ ನಡೆದಾಗ, ಬೆಂಗಳೂರಿನಲ್ಲಿ ಹುಟ್ಟಿದ ಅದಿತಿ ಅಶೋಕ್ ಡ್ರೈವರಿನಿಂದ ಅತ್ಯಂತ ಕಡಿಮೆ ದೂರ ಹೊಡೆಯುತ್ತಿದ್ದವರಲ್ಲಿ ಒಬ್ಬರಾಗಿದ್ದರು. ಕುಳಿಯ ಬಳಿಯ ಆಟದ ನೈಪುಣ್ಯದಿಂದ ಅವರು ನಾಲ್ಕನೆಯ ಸ್ಥಾನವನ್ನು ಗಳಿಸಿದರು. ಪದಕಕ್ಕೆ ಅಂತರವಿದ್ದುದು ಒಂದೇ ಹೊಡೆತ. ಆ ಒಂದು ಹೊಡೆತ ಹೆಚ್ಚಿನ ದೂರದಿಂದ ಉಳಿಯುತ್ತಿದ್ದಿತೇ ಎಂಬುದನ್ನು ಯಾರೂ ನಿರ್ಧರಿಸಲಾರರು. ದೂರವೊಂದರಿಂದಲೇ ಆಟ ನಿರ್ಣಯವಾಗುವುದಿಲ್ಲವೆಂಬುದನ್ನು ಮಾತ್ರ ಆ ಫಲಿತಾಂಶ ನಿಸ್ಸಂದೇಹವಾಗಿ ತೋರಿಸಿಕೊಟ್ಟಿತು. ಕೌಶಲ ಕೈಯಲ್ಲಿ ಎಷ್ಟಿರಬೇಕು, ಸಲಕರಣೆಯಲ್ಲಿ ಎಷ್ಟಿರಬಹುದು ಎಂಬ ಮೇರೆಯನ್ನು ಗೊತ್ತುಮಾಡುವುದೇ ಇಷ್ಟು ನಿಯಮಗಳ ಉದ್ದೇಶ. ಅಂತಹ ಮೇರೆ ಉಳಿದಿರುವವರೆಗೆ ಗಾಲ್ಫ್ ಮನುಷ್ಯರ ಆಟವಾಗಿ ಉಳಿಯುವುದು.